ಬಿತ್ತನೆ ಬಟಾಟೆಗೆ ಮೊಳಕೆ ತಡೆಯುವ ಔಷಧಿ ಹಾಕಬಹುದಾ?

ಅಕ್ಕಾ, ಹುಬ್ಬಳ್ಳಿಯಿಂದ ತಂದ 10 ಕಿಲೋ ಬಿತ್ತನೆ ಬಟಾಟೆ ಈಗಲೇ ಮೊಳಕೆ ಬಂದಿದೆ, ಕಾರವಾರದಲ್ಲಿ ಗದ್ದೆ ಕೊಯ್ಲಾಗಿ ಜಾಗ ಸಿಗುವುದು ನವೆಂಬರಿಗೆ, ಅಲ್ಲಿವರೆಗೆ ಮೊಳಕೆ ನಿಲ್ಲಿಸುವ ಔಷಧಿ ಹಾಕಲಾ ಅಂತ ಕೇಳಿದ್ದೀರಿ. ಹಾಕಬೇಡಿ. ತಿನ್ನುವ ಬಟಾಟೆಗೆ ಅದು ಸರಿ, ಬಿತ್ತನೆಗೆ ಅಲ್ಲ.

ಕೋಲ್ಡ್ ಸ್ಟೋರೇಜಿನಲ್ಲಿ ಎರಡು ತರಹ ಇಡುತ್ತಾರೆ. ಬಿತ್ತನೆಯದನ್ನು 2ರಿಂದ 4 ಡಿಗ್ರಿಯಲ್ಲಿ. ಆ ಚಳಿಗೇ ಮೊಳಕೆ ಬರುವುದಿಲ್ಲ, ಔಷಧಿ ಬೇಕಿಲ್ಲ. ಆದರೆ ಅಷ್ಟು ಚಳಿಗೆ ಗಡ್ಡೆಯೊಳಗೆ ಸಕ್ಕರೆ ಜಾಸ್ತಿಯಾಗುತ್ತದೆ, ಕರಿದರೆ ಚಿಪ್ಸ್ ಕಂದಾಗುತ್ತದೆ. ಅದಕ್ಕೇ ಚಿಪ್ಸಿನ ಬಟಾಟೆಯನ್ನು 10–12 ಡಿಗ್ರಿಯಲ್ಲಿಟ್ಟು, ಸಿಐಪಿಸಿ ಅಂದರೆ ಕ್ಲೋರ್‌ಪ್ರೊಫಾಮ್ ಎಂಬ ಔಷಧಿಯನ್ನು ಹೊಗೆಯ ಹಾಗೆ ಬಿಡುತ್ತಾರೆ. ಅದು ಗಡ್ಡೆಯ ಕಣ್ಣಿನಲ್ಲಿ, ಅಂದರೆ ಮೊಳಕೆ ಹೊರಡುವ ಗುಳಿಯಲ್ಲಿ, ಇರುವ ಕೋಶಗಳು ಒಡೆದು ಎರಡಾಗುವುದನ್ನೇ ತಡೆಯುತ್ತದೆ. ಕೋಶ ಹೆಚ್ಚದೆ ಮೊಳಕೆ ಎಲ್ಲಿಂದ ಬರಬೇಕು? ಯುರೋಪಿನವರು 2020ರಿಂದ ಇದನ್ನು ನಿಲ್ಲಿಸಿದ್ದಾರೆ, ಅದು ತಿನ್ನುವವರ ಆರೋಗ್ಯದ ವಿಷಯ, ಬೇರೆ ಮಾತು.

ಮೇಲೆ ಒಬ್ಬರು "ಬಿಸಿನೀರಲ್ಲಿ ತೊಳೆದು ನೆಟ್ಟರಾಯಿತು" ಅಂದಿದ್ದಾರೆ. ಔಷಧಿ ಹೆಚ್ಚಾಗಿ ಸಿಪ್ಪೆಯಲ್ಲೇ ಇರುವುದು ನಿಜ, ತೊಳೆದರೆ ಒಂದಿಷ್ಟು ಹೋಗುತ್ತದೆ. ಆದರೆ ಕಣ್ಣು ಇರುವುದೂ ಸಿಪ್ಪೆಯಲ್ಲೇ ಅಲ್ವಾ!

ಇದರಲ್ಲಿ ನಾನೇ ಒಮ್ಮೆ ಮೋಸಹೋದವ. ನಮ್ಮದು ಶಿರಸಿ ಹತ್ತಿರ, ಅಡಿಕೆ ತೋಟದ ಮೇಲಿನ ಬೇಣದಲ್ಲಿ ನಾಲ್ಕು ಸಾಲು ಬಟಾಟೆ ಹಾಕುತ್ತೇನೆ. ಒಂದು ವರ್ಷ ಪರಿಚಯದ ಅಂಗಡಿಯಿಂದ "ಒಳ್ಳೇ ಗಡ್ಡೆ" ಅಂತ ತಂದೆ. ನೋಡಲು ಚಂದ, ಒಂದೂ ಸುಕ್ಕಿಲ್ಲ. ನೆಟ್ಟು ಒಂದು ತಿಂಗಳಾದರೂ ಅರ್ಧಕ್ಕರ್ಧ ಮೇಲೆ ಬರಲಿಲ್ಲ. ಕೆದಕಿ ನೋಡಿದರೆ ಗಡ್ಡೆ ನೆಟ್ಟ ದಿನದಷ್ಟೇ ಗಟ್ಟಿ! ಕಣ್ಣಿನಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ, ಅಷ್ಟೇ. ಒಂದನ್ನು ಕತ್ತರಿಸಿದರೆ ಮೊಳಕೆ ಹೊರಗೆ ಬರುವ ಬದಲು ಒಳಮುಖವಾಗಿ ತಿರುಳಿಗೇ ಚುಚ್ಚಿಕೊಂಡಿತ್ತು. ಔಷಧಿ ಅರೆಬರೆ ತಾಗಿದ ಗಡ್ಡೆಯಲ್ಲಿ ಹೀಗಾಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಬಂದ ಗಿಡಗಳಲ್ಲೂ ಒಂದೊಂದೇ ಸಣಕಲು ಕಾಂಡ. ಅಂಗಡಿಯವನನ್ನು ಕೇಳಿದರೆ ಅದು ಚಿಪ್ಸಿಗೆ ಬಂದ ಲೋಡಂತೆ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ಸಿಐಪಿಸಿ ಬಿಟ್ಟ ಕೋಣೆಯ ಗೋಡೆ, ಕ್ರೇಟು, ಗೋಣಿಚೀಲದಲ್ಲೂ ಅದು ಬಹಳ ಕಾಲ ಉಳಿಯುತ್ತದೆ. ಬಿತ್ತನೆ ಗಡ್ಡೆಗೆ ನೇರ ಹಾಕದಿದ್ದರೂ ಅಲ್ಲಿಂದ ತಾಗುತ್ತದೆ. ಬಿತ್ತನೆ ತರಲು ಹೋಗುವಾಗ ಚೀಲ ನಿಮ್ಮದೇ ಒಯ್ಯಿರಿ.

ಎಲ್ಲ ಔಷಧಿಯೂ ಹೀಗೆ ಅಂತಲ್ಲ. ಮಾಗುವ ಹಣ್ಣಿನಿಂದ ಬರುವ ಎಥಿಲೀನ್ ಎಂಬ ಗಾಳಿ ಇರುವಷ್ಟು ದಿನ ಮೊಳಕೆ ಉದ್ದವಾಗುವುದಿಲ್ಲ, ತೆಗೆದರೆ ಮತ್ತೆ ಬರುತ್ತದೆ. ಲವಂಗದ ಎಣ್ಣೆ ಬಂದ ಮೊಳಕೆಯನ್ನಷ್ಟೇ ಸುಡುತ್ತದೆ. ಆದರೆ ಅವೆಲ್ಲ ದೊಡ್ಡ ಗೋದಾಮಿನವರ ಲೆಕ್ಕ. ಚೀಲದಲ್ಲಿ ಮಾಗಿದ ಬಾಳೆಹಣ್ಣು ಇಡುವ ಉಪಾಯವನ್ನಂತೂ ಮರೆತುಬಿಡಿ. ಎಥಿಲೀನ್ ನಾಲ್ಕು ದಿನ ತಾಗಿ ನಿಂತರೆ ಮೊಳಕೆಯನ್ನು ಎಬ್ಬಿಸುವುದೂ ಉಂಟು. ಮೇಲಾಗಿ ನಮ್ಮ ಸೆಕೆಗೆ ಚೀಲದಲ್ಲಿ ಕೊಳೆಯುವುದು ಮೊದಲು.

ನಿಮ್ಮ 10 ಕಿಲೋಗೆ ಹೀಗೆ ಮಾಡಿ. ಉದ್ದ ಬಿಳಿ ಮೊಳಕೆಯನ್ನು ಕೈಯಲ್ಲೇ ಮುರಿದು ತೆಗೆಯಿರಿ, ಒಂದೇ ಸಲ. ತುದಿಯ ಕಣ್ಣು ಹೋದರೆ ಪಕ್ಕದ ಕಣ್ಣುಗಳು ಏಳುತ್ತವೆ, ಕಾಂಡ ಜಾಸ್ತಿ ಬರುತ್ತದೆ. ಗಡ್ಡೆ ಸ್ವಲ್ಪ ಸಣ್ಣದಾದರೂ ಲೆಕ್ಕಕ್ಕೆ ಹೆಚ್ಚು. ಮತ್ತೆ ಮತ್ತೆ ಮುರಿದರೆ ಮಾತ್ರ ಗಡ್ಡೆ ಸೊರಗುತ್ತದೆ. ಆಮೇಲೆ ಕತ್ತಲೆ ಅಟ್ಟದಲ್ಲಿ ಇಡಬೇಡಿ. ಬಿಸಿಲು ನೇರ ಬೀಳದ, ಗಾಳಿ ಬೆಳಕು ಇರುವ ಜಗಲಿಯಲ್ಲಿ ಅಡಿಕೆ ಬುಟ್ಟಿಗೋ ತಟ್ಟೆಗೋ ಒಂದೇ ಪದರಾಗಿ ಹರಡಿ. ಬೆಳಕಿದ್ದರೆ ಮೊಳಕೆ ಉದ್ದವಾಗದೆ ಗಿಡ್ಡವಾಗಿ, ದಪ್ಪವಾಗಿ, ಹಸಿರೋ ನೇರಳೆಯೋ ಆಗಿ ಕೂರುತ್ತದೆ. ಅಂಥದ್ದು ನೆಡುವಾಗ ಮುರಿಯುವುದಿಲ್ಲ. ಗಡ್ಡೆಯೂ ಹಸಿರಾಗುತ್ತದೆ. ಬಿತ್ತನೆಗೆ ಒಳ್ಳೆಯದೇ, ಸಾರಿಗೆ ಹಾಕಬೇಡಿ, ವಿಷ. ಫ್ರಿಜ್ಜಿನ ತರಕಾರಿ ಡಬ್ಬದಲ್ಲಿ ಜಾಗವಿದ್ದರೆ ಎರಡು ಮೂರು ಕಿಲೋ ಕಾಗದದ ಚೀಲದಲ್ಲಿ ಇಡಿ, ನೆಡುವ ಎರಡು ವಾರ ಮೊದಲು ಹೊರಗೆ ತೆಗೆದರೆ ಸಾಕು.

ನಿಮ್ಮದಕ್ಕೆ ಮೊಳಕೆ ಬಂದಿದೆ ಅಂದಮೇಲೆ ಹೆದರಿಕೆಯಿಲ್ಲ. ಅಂಗಡಿ ಬಟಾಟೆ ನೆಡಬೇಕು ಅಂತಿರುವವರು ಮೊದಲು ಐದಾರು ಗಡ್ಡೆಯನ್ನು ಒದ್ದೆ ಮರಳಿನಲ್ಲಿ ಮೂರು ವಾರ ಇಟ್ಟು ನೋಡಿ. ಹೊಸ ಬೆಳೆಯದಾದರೆ ಎರಡು ತಿಂಗಳು ಅದು ಸುಮ್ನೆ ಮಲಗಿಯೇ ಇರುತ್ತದೆ, ಅದನ್ನು ಔಷಧಿ ಅಂದುಕೊಳ್ಳಬೇಡಿ.

ನೆಡುವುದನ್ನು ನವೆಂಬರ್ ಮೊದಲ ವಾರದಿಂದ ಆಚೆ ದೂಡಬೇಡಿ ಅಕ್ಕಾ. ಗಡ್ಡೆ ಕಟ್ಟಲು ರಾತ್ರಿ 20 ಡಿಗ್ರಿಯೊಳಗೆ ಇಳಿದರೆ ಒಳ್ಳೆಯದು. ನಮ್ಮ ಘಟ್ಟದ ಮೇಲಿನ ಚಳಿ ನಿಮ್ಮಲ್ಲಿ ಇಲ್ಲ, ಇರುವ ಎರಡು ತಿಂಗಳನ್ನೇ ಹಿಡಿದುಕೊಳ್ಳಬೇಕು. ಬದನೆ, ಟೊಮೆಟೊ ಸೊರಗಿ ಸತ್ತ ಜಾಗವೊಂದನ್ನು ಬಿಟ್ಟು ಬೇರೆ ಕಡೆ ನೆಡಿ.