ಬಣ್ಣವೂ ಬೇಕು, ಚುಕ್ಕೆಯೂ ಕಾಣಬೇಕು

ಪ್ರಶ್ನೆ: ಅಡಿಕೆಯ ಎಲೆಚುಕ್ಕೆ ರೋಗದ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಸೋಗೆಯ ಫೋಟೊವನ್ನು ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ (ಚಿತ್ರ ಬಿಡಿಸುವ ಲೈಬ್ರರಿ) ತೆರೆದು, ರೋಗ ಬಂದ ಜಾಗದ ಮೇಲೆ ಕೆಂಪು ಪಾಲಿಗನ್ (ಬಹುಭುಜ ಆಕೃತಿ) ಹಾಕಿದೆ. ಕೆಳಗಿನ ಚುಕ್ಕೆಯೇ ಮುಚ್ಚಿಹೋಯಿತು. ಆಲ್ಫಾ, ಅಂದರೆ ಬಣ್ಣದ ಗಟ್ಟಿತನ, 0.3 ಕೊಟ್ಟರೆ ಅಂಚಿನ ಗೆರೆಯೂ ಮಸುಕಾಗುತ್ತದೆ. ಕೆಲವು ಪಾಲಿಗನ್ ಬೇರೆಲ್ಲೋ ಹೋಗಿ ಕೂರುತ್ತವೆ. ಏನು ಮಾಡಲಿ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಅಂಚಿನದು ಸುಲಭ. ಆಲ್ಫಾವನ್ನು ಪ್ರತ್ಯೇಕವಾಗಿ ಕೊಟ್ಟರೆ ಅದು ಒಳಗಿನ ಬಣ್ಣಕ್ಕೂ ಹೊರಗಿನ ಗೆರೆಗೂ ಒಟ್ಟಿಗೆ ತಗಲುತ್ತದೆ. ಅದನ್ನು ತೆಗೆದುಹಾಕಿ. ಫೇಸ್‌ಕಲರ್‌ಗೇ (ಒಳಗಿನ ಬಣ್ಣ) ನಾಲ್ಕು ಅಂಕಿ ಕೊಡಿ: 1, 0, 0, 0.3. ಮೊದಲ ಮೂರು ಕೆಂಪು, ಹಸಿರು, ನೀಲಿ, ಕೊನೆಯದೇ ಆಲ್ಫಾ. ಎಡ್ಜ್‌ಕಲರ್‌ಗೆ (ಅಂಚಿನ ಬಣ್ಣ) ಸುಮ್ನೆ 'ರೆಡ್' ಅಂತ ಬರೆದರೆ ಗೆರೆ ಗಟ್ಟಿಯಾಗಿ ಉಳಿಯುತ್ತದೆ.

ಆದರೆ ಕೆಂಪೇ ಯಾಕೆ? ಆಲ್ಫಾ ಅಂದರೆ ಹಾಲಿಗೆ ನೀರು ಬೆರೆಸುವಂಥ ಲೆಕ್ಕ ಅಷ್ಟೆ, 0.3 ಪಾಲು ನಿಮ್ಮ ಬಣ್ಣ, 0.7 ಪಾಲು ಕೆಳಗಿನ ಪಿಕ್ಸೆಲ್. ಚುಕ್ಕೆಯ ಕಂದು ಪಿಕ್ಸೆಲ್ (ಕೆಂಪು, ಹಸಿರು, ನೀಲಿ, 0ರಿಂದ 255ರ ಲೆಕ್ಕದಲ್ಲಿ) 120, 80, 40 ಇದೆ ಅಂದುಕೊಳ್ಳಿ. ಅದರ ಮೇಲೆ ಕೆಂಪು ಹಾಕಿದರೆ ಸುಮಾರು 160, 56, 28 ಬರುತ್ತದೆ, ಅಂದರೆ ಇನ್ನೊಂದು ಬಗೆಯ ಕಂದು! ಯಾವುದು ರೋಗ, ಯಾವುದು ನೀವು ಬಳಿದದ್ದು ಅಂತ ನೋಡುವವರಿಗೆ ಗೊತ್ತಾಗುವುದಿಲ್ಲ. ನೀಲಿ ಹಾಕಿದರೆ ಸುಮಾರು 84, 56, 104, ನೇರಳೆ ಛಾಯೆ, ಥಟ್ಟನೆ ಕಣ್ಣಿಗೆ ಬೀಳುತ್ತದೆ. ಕೆಂಪು–ಹಸಿರು ಬೇರೆ ಮಾಡಿ ನೋಡಲಾಗದವರೂ ನಮ್ಮ ನಡುವೆ ಇದ್ದಾರೆ, ಹಸಿರು ಸೋಗೆಯ ಮೇಲೆ ಕೆಂಪು ಅವರಿಗೆ ಇನ್ನೂ ಕಷ್ಟ.

ಪಾಲಿಗನ್ ಎಲ್ಲೋ ಹೋಗಿ ಕೂರುವುದಕ್ಕೆ ಬಹುಶಃ ಕಾರಣ ಇದು: ಅಂಚುಗಳನ್ನು ಸೈಕಿಟ್-ಇಮೇಜ್ ಅನ್ನುವ ಚಿತ್ರ ಸಂಸ್ಕರಣೆಯ ಲೈಬ್ರರಿಯ ಫೈಂಡ್-ಕಾಂಟೂರ್ಸ್‌ನಿಂದ ತೆಗೆದಿದ್ದರೆ ಅದು ಮೊದಲು ಸಾಲು, ಆಮೇಲೆ ಕಂಬ (ಕಾಲಮ್) ಅಂತ ಕೊಡುತ್ತದೆ. ಪಾಲಿಗನ್‌ಗೆ ಬೇಕಾದದ್ದು ಮೊದಲು ಎಕ್ಸ್, ಆಮೇಲೆ ವೈ. ಎರಡನ್ನೂ ಅದಲುಬದಲು ಮಾಡಿ. ಸಾಲಿನ ಸಂಖ್ಯೆಯೂ ಕಂಬದ ಸಂಖ್ಯೆಯೂ ಹೆಚ್ಚುಕಡಿಮೆ ಒಂದೇ ಆಗಿರುವ ಚುಕ್ಕೆಗಳು ಸರಿಯಾಗೇ ಕೂತು, ಉಳಿದವು ದಾರಿ ತಪ್ಪುತ್ತಿದ್ದರೆ ಇದೇ ಕಾಯಿಲೆ, ಅನುಮಾನ ಬೇಡ.

ನೀವು ಕೇಳದ ಒಂದು ಮಾತು. ಎರಡು ಪಾಲಿಗನ್ ಒಂದರ ಮೇಲೊಂದು ಬಿದ್ದ ಕಡೆ ಕೆಳಗಿನ ಚಿತ್ರ 0.7 ಗುಣಿಸು 0.7, ಅಂದರೆ 0.49 ಪಾಲು ಮಾತ್ರ ಉಳಿಯುತ್ತದೆ. ಅಲ್ಲಿ ಬಣ್ಣ ಗಾಢವಾಗುತ್ತದೆ, 'ಇಲ್ಲಿ ರೋಗ ಜಾಸ್ತಿ' ಅಂತ ಪರೀಕ್ಷಕರು ಓದಿಕೊಳ್ಳುತ್ತಾರೆ. ಅದಕ್ಕೆ ಎಲ್ಲ ಪಾಲಿಗನ್‌ಗಳನ್ನೂ ಸೇರಿಸಿ ಹೌದು–ಇಲ್ಲ ಅನ್ನುವ ಒಂದೇ ಮಾಸ್ಕ್ ಮಾಡಿ, ಬಣ್ಣವನ್ನು ಒಂದೇ ಸಲ ಬಳಿಯಿರಿ. ರೋಗದ ವಿಸ್ತೀರ್ಣ ಅಳೆಯುವಾಗಲೂ ಈ ಮಾಸ್ಕ್‌ನ ಪಿಕ್ಸೆಲ್‌ಗಳನ್ನೇ ಎಣಿಸಿ. ಬಣ್ಣ ಬಳಿದ ಚಿತ್ರವನ್ನು ಮತ್ತೆ ಅಳತೆಗೆ ಇಳಿಸುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ.

ಪ್ರಶ್ನೆ: ಓಪನ್‌ಸಿವಿ ಅನ್ನುವ ಚಿತ್ರ ಸಂಸ್ಕರಣೆಯ ಲೈಬ್ರರಿಯ ಫಿಲ್‌ಪಾಲಿಗೆ (ಪಾಲಿಗನ್‌ಗೆ ಬಣ್ಣ ತುಂಬುವ ಆದೇಶ) ನಾಲ್ಕನೇ ಅಂಕಿಯಾಗಿ ಆಲ್ಫಾ ಕೊಟ್ಟರೂ ಬಣ್ಣ ಗಟ್ಟಿಯಾಗೇ ಬರುತ್ತದಲ್ಲ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಅದಕ್ಕೆ ಪಾರದರ್ಶಕತೆ ಗೊತ್ತೇ ಇಲ್ಲ, ಮೂರು ಚಾನೆಲ್‌ನ ಚಿತ್ರಕ್ಕೆ ನಾಲ್ಕನೇ ಅಂಕಿ ಲೆಕ್ಕಕ್ಕೇ ಬರುವುದಿಲ್ಲ. ಚಿತ್ರದ ನಕಲು ಮಾಡಿ, ನಕಲಿನ ಮೇಲೆ ಗಟ್ಟಿ ಬಣ್ಣ ತುಂಬಿ, ಎರಡು ಚಿತ್ರ ಬೆರೆಸುವ ಆಡ್‌ವೇಟೆಡ್‌ನಲ್ಲಿ ನಕಲಿಗೆ 0.3, ಮೂಲಕ್ಕೆ 0.7 ಕೊಟ್ಟು ಬೆರೆಸಿ. ನಕಲು ಮಾಡುವಾಗ ಕಾಪಿ ಅಂತ ಕರೆಯಲೇಬೇಕು. ಬರೀ ಸಮ ಚಿಹ್ನೆ ಹಾಕಿ ಹೊಸ ಹೆಸರು ಕೊಟ್ಟರೆ ಎರಡು ಹೆಸರೂ ಒಂದೇ ಚಿತ್ರದ್ದಾಗುತ್ತವೆ, ಗಟ್ಟಿ ಬಣ್ಣವನ್ನು ಗಟ್ಟಿ ಬಣ್ಣದ ಜೊತೆಗೇ ಬೆರೆಸಿದ ಹಾಗೆ. ಇಲ್ಲಿ ಬಣ್ಣದ ಕ್ರಮ ನೀಲಿ, ಹಸಿರು, ಕೆಂಪು ಅನ್ನುವುದೂ ನೆನಪಿರಲಿ.

ಇಬ್ಬರಿಗೂ: ಪತ್ರಿಕೆಗೆ ಕಳಿಸುವಾಗ ಇಪಿಎಸ್‌ನಲ್ಲಿ ಉಳಿಸಬೇಡಿ. ಆ ಫೈಲ್‌ನ ಭಾಷೆಯಾದ ಪೋಸ್ಟ್‌ಸ್ಕ್ರಿಪ್ಟ್‌ಗೆ ಅರೆಪಾರದರ್ಶಕ ಬಣ್ಣ ಬರುವುದಿಲ್ಲ, ಮ್ಯಾಟ್‌ಪ್ಲಾಟ್‌ಲಿಬ್ ಒಂದು ಎಚ್ಚರಿಕೆ ಸಾಲು ತೋರಿಸಿ ಎಲ್ಲವನ್ನೂ ಗಟ್ಟಿಯಾಗಿ ಬಳಿದುಬಿಡುತ್ತದೆ. ನಾನು ಆ ಸಾಲನ್ನು ಓದದೆ ಕಳಿಸಿ, ಆರು ಚಿತ್ರಗಳನ್ನು ಮತ್ತೆ ಮಾಡಿದ್ದೇನೆ. ಪಿಡಿಎಫ್ ಅಥವಾ ಪಿಎನ್‌ಜಿ ಸಾಕು.