ಆರು ಜನರ ಕಂಪನಿಗೆ ಏಳನೆಯವಳಾಗಿ ಸೇರಿದಾಗ

ದೊಡ್ಡ ಐಟಿ ಕಂಪನಿಯಲ್ಲಿ ಮೂರು ವರ್ಷವಾಗಿದೆ, ಈಗ ಆರು ಜನರ ಸ್ಟಾರ್ಟಪ್ ಒಂದರಿಂದ ಆಫರ್ ಬಂದಿದೆ, ಸಂಬಳ ಕಡಿಮೆ, ಬದಲಿಗೆ ಷೇರು ಕೊಡುತ್ತಾರಂತೆ, ಅಲ್ಲಿ ಕೆಲಸ ಮಾಡುವುದು ನಿಜಕ್ಕೂ ಹೇಗಿರುತ್ತದೆ ಎಂದು ಕೇಳಿದ್ದೀರಿ. ಹೆಚ್ಚು ಕಡಿಮೆ ಇದೇ ಸ್ಥಿತಿಯಲ್ಲಿ ನಾನು 2018ರ ಜುಲೈನಲ್ಲಿ ಹೋಗಿ ಸೇರಿದೆ. ಏಳನೆಯವಳಾಗಿ ಸೇರಿ, 2021ರ ಮಾರ್ಚ್‌ನಲ್ಲಿ ಬಾಗಿಲು ಹಾಕುವಾಗ ಉಳಿದಿದ್ದ ಹನ್ನೊಂದು ಜನರಲ್ಲಿ ಒಬ್ಬಳಾಗಿದ್ದೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಆ ವರ್ಷದ ಬೆಂಗಳೂರಿನ ಗಾಳಿಯೇ ಹಾಗಿತ್ತು. ಮೇ ತಿಂಗಳಲ್ಲಿ ವಾಲ್‌ಮಾರ್ಟ್ ಸಂಸ್ಥೆ ಫ್ಲಿಪ್‌ಕಾರ್ಟ್‌ನ ಶೇ. 77ರಷ್ಟು ಪಾಲನ್ನು 1,600 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಪ್ರಕಟಿಸಿತ್ತು. 2007ರಲ್ಲಿ ಕೋರಮಂಗಲದಲ್ಲಿ ಇಬ್ಬರು ಸೇರಿ ಪುಸ್ತಕ ಮಾರಲು ಶುರು ಮಾಡಿದ ಕಂಪನಿ ಅದು. ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಟೀನಿನಲ್ಲಿ ಎರಡು ವಾರ ಬೇರೆ ಮಾತೇ ಇರಲಿಲ್ಲ. ಅಲ್ಲಿ ಮೊದಲು ಸೇರಿದವರಿಗೆ ಷೇರಿನಿಂದ ಎಷ್ಟು ಬಂತಂತೆ ಎಂಬ ಲೆಕ್ಕ ಬಾಯಿಂದ ಬಾಯಿಗೆ ಹೋಗುವಾಗ ಊಟದ ತಟ್ಟೆ ಆರುತ್ತಿತ್ತು. ನನ್ನ ಸಂದರ್ಶನ ನಡೆದದ್ದು ಅದೇ ತಿಂಗಳು. ಶೇ. 0.4ರಷ್ಟು ಪಾಲು ಎಂದರು. ಕಂಪನಿ ನೂರು ಕೋಟಿಯದಾದರೆ ನನಗೆ 40 ಲಕ್ಷ ಎಂದು ಬಸ್ ಟಿಕೆಟಿನ ಹಿಂದೆ ಗುಣಿಸಿಕೊಂಡೆ. ಅಷ್ಟೇ ಲೆಕ್ಕ ಮಾಡಿದ್ದು ನನ್ನ ದಡ್ಡತನ. ಅದಕ್ಕೆ ಆಮೇಲೆ ಬರುತ್ತೇನೆ.

ಕಚೇರಿ ಎಂದರೆ ಎಚ್‌ಎಸ್‌ಆರ್ ಲೇಔಟಿನ ಒಂದು ಮನೆಯ ಮೊದಲ ಮಹಡಿ. ಹಾಲ್‌ನಲ್ಲಿ ನಾವು, ಅಡುಗೆಮನೆಯಲ್ಲಿ ಪ್ರಿಂಟರ್ ಮತ್ತು ಹಾಲಿನ ಪುಡಿ. ಗ್ರಾಹಕರೊಂದಿಗೆ ಗಂಭೀರವಾಗಿ ಫೋನಿನಲ್ಲಿ ಮಾತನಾಡಬೇಕಾದರೆ ಮಲಗುವ ಕೋಣೆ. ಕೆಳಗಿನ ಮನೆಯ ಮಾಲೀಕರು ದಿನಾ ಸಂಜೆ ಐದಕ್ಕೆ ಮೆಟ್ಟಿಲ ಬುಡದಲ್ಲಿ ನಿಂತು, "ಮೋಟಾರ್ ಹಾಕಿದ್ದೇನೆ, ಟ್ಯಾಂಕ್ ತುಂಬಿದರೆ ಹೇಳಿ" ಎಂದು ಕೂಗುತ್ತಿದ್ದರು. ನನ್ನನ್ನು ತೆಗೆದುಕೊಂಡದ್ದು ಪ್ರೋಗ್ರಾಮ್ ಬರೆಯಲು. ಮೊದಲ ತಿಂಗಳಲ್ಲಿ ಅದರ ಜೊತೆಗೆ ಮಾಡಿದ್ದು: ಇಬ್ಬರನ್ನು ಸಂದರ್ಶಿಸಿದ್ದು, ನೀರಿನ ಕ್ಯಾನ್ ತರಿಸಿದ್ದು, ಜಿಎಸ್‌ಟಿ ಬಿಲ್ಲುಗಳನ್ನು ಲೆಕ್ಕಪರಿಶೋಧಕರಿಗೆ ಜೋಡಿಸಿ ಕಳಿಸಿದ್ದು, ಟ್ಯಾಂಕ್ ತುಂಬಿತೇ ಎಂದು ನೋಡಿದ್ದು. ಇದು ನನ್ನ ಕೆಲಸವಲ್ಲ ಎಂದು ಹೇಳುವ ಅವಕಾಶ ಅಲ್ಲಿ ಇರುವುದಿಲ್ಲ, ಏಕೆಂದರೆ ಅದು ಯಾರ ಕೆಲಸವೂ ಅಲ್ಲ.

ನಾವು ಮಾಡುತ್ತಿದ್ದದ್ದು ಎಪಿಎಂಸಿ ಮಂಡಿಗಳಿಗೆ ಲೆಕ್ಕದ ಆ್ಯಪ್. ಈರುಳ್ಳಿ, ಆಲೂಗಡ್ಡೆ ಬಂದಾಗ ಚೀಲಗಳ ತೂಕ ದಾಖಲಿಸಿ, ಖರ್ಚು ಕಳೆದು, ರೈತರಿಗೆ ಕೊಡಬೇಕಾದ ಹಣದ ಚೀಟಿ ಮುದ್ರಿಸಿಕೊಡುವುದು. ಸೇರಿದ ಮೂರನೆಯ ತಿಂಗಳಲ್ಲಿ ಒಂದು ರಾತ್ರಿ ತೂಕದ ಪರದೆಯನ್ನು ಚೊಕ್ಕಗೊಳಿಸಲು ಹೋಗಿ ಸಣ್ಣದೊಂದು ಬದಲಾವಣೆ ಮಾಡಿದೆ. ಮಾರನೆಯ ಬೆಳಿಗ್ಗೆ ಏಳೂವರೆಗೆ ಯಶವಂತಪುರ ಯಾರ್ಡಿನ ಮಂಡಿಯೊಂದರಿಂದ ಫೋನ್ ಬಂತು. ಮಾತನಾಡಿದವರು ಅಲ್ಲಿನ ಗುಮಾಸ್ತರು. ಬೈಯಲಿಲ್ಲ. "ಬಂದು ನೋಡಿ ಹೋಗಮ್ಮಾ" ಎಂದಷ್ಟೇ ಹೇಳಿದರು. ಅದೇ ಹೆಚ್ಚು ಹೆದರಿಸಿತು.

ಹೋದಾಗ ಮಂಡಿಯ ಮುಂದೆ ಲಾರಿ ಖಾಲಿಯಾಗಿ ನಿಂತಿತ್ತು. ಗುಮಾಸ್ತರು ನಮ್ಮ ಆ್ಯಪ್ ಬಂದ ಮೇಲೂ ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆದುಕೊಳ್ಳುವುದನ್ನು ಬಿಟ್ಟಿರಲಿಲ್ಲ. ಅದರ ಬಗ್ಗೆ ನಾವು ಕಚೇರಿಯಲ್ಲಿ ನಕ್ಕದ್ದೂ ಉಂಟು. ಅವರು ಪುಸ್ತಕ ನನ್ನತ್ತ ತಿರುಗಿಸಿ ಒಂದು ಸಾಲಿನ ಮೇಲೆ ಪೆನ್ನಿಟ್ಟರು. ತೂಕದ ಯಂತ್ರ 47.6 ಎಂದು ತೋರಿಸಿದ ಚೀಲವನ್ನು ನನ್ನ ಪ್ರೋಗ್ರಾಮ್ 47 ಎಂದು ಬರೆದುಕೊಂಡಿತ್ತು. ಮುಂದಿನ ಚೀಲ 51.9, ನಮ್ಮಲ್ಲಿ 51. ಹೀಗೆ 140 ಚೀಲ. ಒಟ್ಟು 68 ಕಿಲೋ ಕಡಿಮೆ, ಕಿಲೋಗೆ 16 ರೂಪಾಯಿಯಂತೆ 1,088 ರೂಪಾಯಿ. ಆ ಈರುಳ್ಳಿಯ ಒಡೆಯ ಚಳ್ಳಕೆರೆ ಕಡೆಯವರು, ರಾತ್ರಿಯಿಡೀ ಲಾರಿಯಲ್ಲಿ ಕೂತು ಬಂದವರು, ಪಕ್ಕದ ಚೀಲದ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. "ನಿಮ್ಮ ಯಂತ್ರಕ್ಕೆ ಪುಡಿಗಾಸು ಕಾಣುವುದಿಲ್ಲವೇನಮ್ಮಾ?" ಎಂದು ಗುಮಾಸ್ತರು ಕೇಳಿದರು. ರೈತರು ಏನನ್ನೂ ಕೇಳಲಿಲ್ಲ. ಊರಿಗೆ ಬಸ್ ಎಷ್ಟು ಹೊತ್ತಿಗೆ ಎಂದು ಇನ್ನೊಬ್ಬರನ್ನು ವಿಚಾರಿಸುತ್ತಿದ್ದರು.

ಮಂಡಿಯ ಗದ್ದುಗೆಯ ಅಂಚಿನಲ್ಲಿ ಕೂತು ಲ್ಯಾಪ್‌ಟಾಪ್ ತೆರೆದೆ. ತಿದ್ದಲು ಹಿಡಿದದ್ದು ಹತ್ತು ನಿಮಿಷ. ಅಷ್ಟರಲ್ಲಿ ಹನ್ನೊಂದು ಚೀಟಿಗಳು ತಪ್ಪಾಗಿ ಮುದ್ರಣವಾಗಿದ್ದವು, ಇಬ್ಬರು ರೈತರು ಹಣ ತೆಗೆದುಕೊಂಡು ಹೊರಟೇಹೋಗಿದ್ದರು. ಅವರ ನಂಬರ್ ಹುಡುಕಿ, ಫೋನ್ ಮಾಡಿ, ಬಾಕಿ ಹಣವನ್ನು ನಮ್ಮ ಸಂಸ್ಥಾಪಕರು ತಮ್ಮ ಮೊಬೈಲಿನಿಂದಲೇ ಕಳಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಹಿಂದಿನ ಕಂಪನಿಯಲ್ಲಿ ನಾನು ಅಮೆರಿಕದ ವಿಮಾ ಸಂಸ್ಥೆಯೊಂದರ ವರದಿಯಲ್ಲಿ ಎರಡು ಕಾಲಂಗಳನ್ನು ನೋಡಿಕೊಳ್ಳುತ್ತಿದ್ದೆ. ಆ ವರದಿಯನ್ನು ಯಾರಾದರೂ ಓದುತ್ತಿದ್ದರೇ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಅಲ್ಲಿ ತಪ್ಪಾದರೆ ಅದಕ್ಕೊಂದು ಸಂಖ್ಯೆ ಬೀಳುತ್ತಿತ್ತು, ಸರತಿಯಲ್ಲಿ ನಿಲ್ಲುತ್ತಿತ್ತು. ಇಲ್ಲಿ ಅದು ಟವೆಲ್ ಹೆಗಲಿಗೆ ಹಾಕಿಕೊಂಡು ಎದುರಿಗೆ ಕೂತಿತ್ತು. ಒಳ್ಳೆಯದೂ ಹಾಗೆಯೇ ಎದುರಿಗೇ ಬರುತ್ತದೆ ಎನ್ನಿ. ಅದೇ ಗುಮಾಸ್ತರು ಮೂರು ತಿಂಗಳ ನಂತರ ಪಕ್ಕದ ಎರಡು ಮಂಡಿಗಳಿಗೆ ನಮ್ಮ ಆ್ಯಪ್ ಕೊಡಿಸಿದರು. ಕೆಂಪು ಪುಸ್ತಕವನ್ನು ಮಾತ್ರ ಬಿಡಲಿಲ್ಲ, ನಾವೂ ಆಮೇಲೆ ನಗಲಿಲ್ಲ.

ದುಡ್ಡಿನ ಭಯವೂ ಅಷ್ಟೇ ಹತ್ತಿರದ್ದು. ಬ್ಯಾಂಕಿನಲ್ಲಿರುವ ಹಣವನ್ನು ತಿಂಗಳ ಖರ್ಚಿನಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಇಲ್ಲಿ ರನ್‌ವೇ ಎನ್ನುತ್ತಾರೆ. 2020ರ ಮಾರ್ಚ್‌ನಲ್ಲಿ ನಮ್ಮಲ್ಲಿದ್ದದ್ದು 52 ಲಕ್ಷ, ತಿಂಗಳ ಖರ್ಚು 8 ಲಕ್ಷ. ಹೊಸ ಹೂಡಿಕೆಯ ಮಾತು ಮುಗಿಯುತ್ತ ಬಂದಿತ್ತು. 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು, ಮುಂದಿನ ವಾರ ಹೂಡಿಕೆದಾರರು ಫೋನ್ ಎತ್ತುವುದನ್ನು ನಿಲ್ಲಿಸಿದರು. ಸಂಸ್ಥಾಪಕರಿಬ್ಬರೂ ಸಂಬಳ ಬಿಟ್ಟರು, ನಮಗೆ ನಾಲ್ಕು ತಿಂಗಳು ಅರ್ಧ ಸಂಬಳ. ಆ ಲೆಕ್ಕದ ಹಾಳೆಯನ್ನು ಅವರು ಎಲ್ಲರ ಮುಂದೆ ತೆರೆದು ತೋರಿಸಿದ್ದರಿಂದ ಯಾರೂ ಜಗಳವಾಡಲಿಲ್ಲ. ತೋರಿಸದವರೂ ಇದ್ದಾರೆ. ನಿಮ್ಮ ಸಂದರ್ಶನದಲ್ಲಿ, "ಇನ್ನು ಎಷ್ಟು ತಿಂಗಳಿಗೆ ಹಣವಿದೆ?" ಎಂದು ನೇರವಾಗಿ ಕೇಳಿ. ಸಂಖ್ಯೆ ಹೇಳದೆ ಕನಸು ಹೇಳಿದರೆ ಎದ್ದು ಬನ್ನಿ.

ಈಗ ಷೇರಿನ ವಿಷಯ. ನಿಮಗೆ ಕೊಡುತ್ತಿರುವುದು ಬಹುಶಃ ಷೇರಲ್ಲ, ಮುಂದೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು. ಇಸಾಪ್ ಎಂದು ಕರೆಯುವುದು ಅದನ್ನೇ. ಅದು ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಕಂತಿನ ಮೇಲೆ ನಿಮ್ಮದಾಗುತ್ತದೆ. ಮೊದಲ ಒಂದು ವರ್ಷ ಏನೂ ಇಲ್ಲ, ಹನ್ನೊಂದನೆಯ ತಿಂಗಳಲ್ಲಿ ಬಿಟ್ಟರೆ ಕೈ ಖಾಲಿ. ಆಮೇಲೆ ಕೊಳ್ಳಲು ಹೋದಾಗ ಬರುವುದು ತೆರಿಗೆ. ಹತ್ತು ರೂಪಾಯಿಗೆ ಒಂದರಂತೆ ಸಾವಿರ ಷೇರು ಕೊಂಡಿರಿ, ಆ ದಿನ ಅದರ ಮೌಲ್ಯ 510 ಎಂದು ಲೆಕ್ಕ ಹಾಕಿದ್ದಾರೆ ಎಂದುಕೊಳ್ಳಿ. ನೀವು ಒಂದೂ ಷೇರು ಮಾರಿರುವುದಿಲ್ಲ, ಆದರೂ ಮಧ್ಯದ ಐದು ಲಕ್ಷ ನಿಮ್ಮ ಸಂಬಳದ ಲೆಕ್ಕಕ್ಕೆ ಸೇರಿ ಅದರ ಮೇಲೆ ತೆರಿಗೆ ಬೀಳುತ್ತದೆ. 2020ರ ಬಜೆಟ್‌ನಲ್ಲಿ ಈ ತೆರಿಗೆಯನ್ನು ಮುಂದಕ್ಕೆ ಹಾಕುವ ಅವಕಾಶ ಕೊಟ್ಟರು, ಆದರೆ ಅದು ಸರ್ಕಾರದಿಂದ ಪ್ರತ್ಯೇಕ ಪ್ರಮಾಣಪತ್ರ ಪಡೆದ ಸ್ಟಾರ್ಟಪ್‌ಗಳ ನೌಕರರಿಗೆ ಮಾತ್ರ. ಕೆಲಸ ಬಿಟ್ಟ ಮೇಲೆ ಕೊಳ್ಳಲು ಎಷ್ಟು ದಿನ ಕೊಡುತ್ತಾರೆ ಎಂಬುದನ್ನೂ ಪತ್ರದಲ್ಲಿ ಹುಡುಕಿ. ಅನೇಕ ಕಡೆ 90 ದಿನ, ಆಮೇಲೆ ಹಕ್ಕು ರದ್ದು.

ಬಸ್ ಟಿಕೆಟಿನ ಹಿಂದಿನ ನನ್ನ ಗುಣಾಕಾರಕ್ಕೆ ಬರುತ್ತೇನೆ. ಅದರಲ್ಲಿ ಎರಡು ಸಂಗತಿ ಬಿಟ್ಟುಹೋಗಿದ್ದವು. ಪ್ರತಿ ಸಲ ಹೊಸ ಹೂಡಿಕೆ ಬಂದಾಗ ಹೊಸ ಷೇರು ಹುಟ್ಟಿ ನಮ್ಮ ಪಾಲು ಕರಗುತ್ತದೆ. ಇನ್ನೊಂದು, ಕಂಪನಿ ಮಾರಾಟವಾದರೆ ಹೂಡಿಕೆದಾರರು ಹಾಕಿದ ದುಡ್ಡನ್ನು ಮೊದಲು ಎತ್ತಿಕೊಳ್ಳುವಂತೆ ಒಪ್ಪಂದದಲ್ಲಿ ಬರೆದಿರುತ್ತಾರೆ. ನಮ್ಮಲ್ಲಿ ಹೂಡಿಕೆದಾರರು ಹಾಕಿದ್ದದ್ದು 3 ಕೋಟಿ. ಕೊನೆಗೆ ದೊಡ್ಡ ಕಂಪನಿಯೊಂದು ನಮ್ಮ ಆ್ಯಪ್ ಬೇಡ, ಕೆಲಸಗಾರರು ಸಾಕು ಎಂದು 2.4 ಕೋಟಿಗೆ ಕೊಂಡಿತು. ಅಷ್ಟೂ ಅವರಿಗೇ ಹೋಯಿತು. ನನ್ನ ಪಾಲಿಗೆ ಬಂದದ್ದು ಸೊನ್ನೆ, ಜೊತೆಗೊಂದು ಹೊಸ ಆಫರ್ ಪತ್ರ.

ಮನೆಯವರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅರಸೀಕೆರೆಯಲ್ಲಿ ಅಪ್ಪ ಯಾರಿಗಾದರೂ ನನ್ನ ಕಂಪನಿಯ ಹೆಸರು ಹೇಳಿದರೆ, "ಅದೆಲ್ಲಿದೆ?" ಎಂಬ ಪ್ರಶ್ನೆ ಬರುತ್ತಿತ್ತು. ಕೆಲವು ದಿನಗಳ ನಂತರ ಅವರು ಹಳೆಯ ಕಂಪನಿಯ ಹೆಸರನ್ನೇ ಹೇಳತೊಡಗಿದರು. ಗಂಡು ನೋಡಲು ಹೋದ ಕಡೆಯೂ ಅದನ್ನೇ ಹೇಳಿ, ಅದನ್ನು ಬಿಡಿಸಿ ಹೇಳುವ ಕೆಲಸ ನನ್ನ ತಲೆಗೆ ಬಂತು. ಇನ್ನು ಭವಿಷ್ಯ ನಿಧಿ: ಇಪ್ಪತ್ತಕ್ಕಿಂತ ಕಡಿಮೆ ಜನರಿರುವ ಕಡೆ ಅದು ಕಡ್ಡಾಯವಲ್ಲ. ನಿಮ್ಮ ಈಗಿನ ಪಿಎಫ್ ಕಂತು ಅಲ್ಲಿಗೆ ನಿಲ್ಲಬಹುದು. ಅಪ್ಪ ಅಮ್ಮನ ಆಸ್ಪತ್ರೆ ಖರ್ಚು ಈಗಿನ ಕಂಪನಿಯ ವಿಮೆಯ ಮೇಲೆ ನಿಂತಿದ್ದರೆ, ರಾಜೀನಾಮೆ ಕೊಡುವ ಮೊದಲೇ ನಿಮ್ಮದೇ ಒಂದು ಪಾಲಿಸಿ ಮಾಡಿಸಿ.

ಮುಚ್ಚುವ ಸುದ್ದಿ ಮಂಡಿಗಳಿಗೆ ತಿಳಿಸುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಗುಮಾಸ್ತರು ಪೂರ್ತಿ ಕೇಳಿಸಿಕೊಂಡು, ಎರಡೂವರೆ ವರ್ಷದ ಲೆಕ್ಕವನ್ನೆಲ್ಲ ಕಾಗದದ ಮೇಲೆ ಕೊಡಲಾದೀತೇ ಎಂದರು. ಅಡುಗೆಮನೆಯ ಪ್ರಿಂಟರ್ ಎರಡು ದಿನ ಓಡಿತು. ಕಟ್ಟುಗಳನ್ನು ಆಟೋದಲ್ಲಿ ಹಾಕಿಕೊಂಡು ಹೋಗಿ ಮಂಡಿಯಲ್ಲಿ ಇಳಿಸಿದಾಗ ಅವರು ಮೇಲಿನ ಹಾಳೆ ಎತ್ತಿ, ಕೆಂಪು ಪುಸ್ತಕ ತೆರೆದು, ಒಂದು ಸಾಲನ್ನು ಹೋಲಿಸಿ ನೋಡಿದರು. ದಶಮಾಂಶ ಸರಿಯಿತ್ತು. ಹುಡುಗನನ್ನು ಕರೆದು ಚಹಾ ತರಲು ಕಳಿಸಿದರು.