ಅತ್ತೆ ಶಾಯಿ ಎಂದದ್ದು ಸುಳ್ಳಲ್ಲ

ಪತ್ರ: ಊಟಿಗೆ ಹೋದಾಗ ಅರ್ಧ ಕಿಲೋ ಎಲೆ ಚಾ ತಂದೆವು. ಚಾಹುಡಿಯ ಹಾಗೆ ಕುದಿಸಿದರೆ ವಿಪರೀತ ಒಗರು. ಬಿಸಿ ನೀರಿಗೆ ಹಾಕಿ ಮುಚ್ಚಿಟ್ಟರೆ ಕೆಂಪಾಗುವ ಬದಲು ಕಪ್ಪಾಗುತ್ತದೆ. ಅತ್ತೆ ನೋಡಿ, "ಇದು ಚಾವಾ, ಶಾಯಿಯಾ?" ಅಂದರು. ಅಂಗಡಿಯವನು ಮೋಸ ಮಾಡಿದನೇ?
– ಓದುಗರೊಬ್ಬರು, ಶಂಕರಪುರ, ಉಡುಪಿ

ಉತ್ತರ: ಅಂಗಡಿಯವನನ್ನು ಬೈಯುವ ಮೊದಲು ನಿಮ್ಮ ಬಾವಿ ನೀರನ್ನು ನೋಡಿ. ಬಚ್ಚಲ ಬಕೆಟ್ಟಿನಲ್ಲಿ ಕೆಂಪು ಕಲೆ ಕೂತಿದೆಯಾ? ರಾತ್ರಿ ಕೊಡಪಾನದಲ್ಲಿಟ್ಟ ನೀರಿನ ತಳದಲ್ಲಿ ಬೆಳಿಗ್ಗೆ ತುಕ್ಕಿನ ಬಣ್ಣದ ಗಸಿ ಕಾಣುತ್ತದೆಯಾ? ಹಾಗಿದ್ದರೆ ನೀರಿನಲ್ಲಿ ಕಬ್ಬಿಣ ಜಾಸ್ತಿ. ನಮ್ಮ ಮುರಕಲ್ಲಿನ ನೆಲದಲ್ಲಿ ಇದು ಹೊಸತಲ್ಲ, ಆ ಕಲ್ಲಿನ ಕೆಂಪೇ ಕಬ್ಬಿಣದ್ದು. ಚಹಾದಲ್ಲಿ ಟ್ಯಾನಿನ್ ಎಂಬ ಒಗರಿನ ಅಂಶ ಇದೆ. ಅದಕ್ಕೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿ, ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದದ್ದೂ ಹೀಗೆಯೇ. ನಿಮ್ಮ ಅತ್ತೆ ಸುಮ್ನೆ ತಮಾಷೆಗೆ ಅಂದಿರಬಹುದು, ಆದರೆ ಸರಿಯಾಗಿಯೇ ಅಂದಿದ್ದಾರೆ! ಹಾಲು ಹಾಕಿದ ಚಾದಲ್ಲಿ ಈ ಬಣ್ಣ ಅಡಗಿಹೋಗುತ್ತದೆ, ಹಾಗಾಗಿ ಇಷ್ಟು ವರ್ಷ ಗೊತ್ತಾಗಿರಲಿಕ್ಕಿಲ್ಲ.

ಎರಡು ಲೋಟಕ್ಕೆ ಒಂದೇ ಅಳತೆ ಎಲೆ ಹಾಕಿ. ಒಂದಕ್ಕೆ ಬಾವಿ ನೀರು ಕಾಯಿಸಿ ಹೊಯ್ಯಿರಿ, ಇನ್ನೊಂದಕ್ಕೆ ಕ್ಯಾನ್ ನೀರು. ಐದು ನಿಮಿಷದಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ.

ಇನ್ನು ಒಗರು. ಅದು ಮಾತ್ರ ಕೈತಪ್ಪು. ನಾವು ದಿನಾ ಕುದಿಸುವ ಚಾಹುಡಿ ಹೆಚ್ಚಾಗಿ ಸಿಟಿಸಿ, ಅಂದರೆ ಎಲೆಯನ್ನು ಯಂತ್ರದಲ್ಲಿ ಜಜ್ಜಿ, ಹರಿದು, ಸುರುಟಿ ಕಾಳು ಮಾಡಿದ್ದು. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾದ ವಿಧಾನ. ನೀರಿಗೆ ಬಿದ್ದ ಕೂಡಲೇ ಬಣ್ಣ ಬಿಡುತ್ತದೆ. ಹಾಲು, ಸಕ್ಕರೆ, ಶುಂಠಿ ಎಲ್ಲವನ್ನೂ ತಡೆದುಕೊಳ್ಳುತ್ತದೆ. ಎಲೆ ಚಾ ಹಾಗಲ್ಲ. ಅದು ಸುರುಳಿ ಬಿಚ್ಚಿಕೊಳ್ಳಲು ಸಮಯ ಬೇಕು, ಬೆಂಕಿ ಬೇಡ. ಕುದಿಸಿದರೆ ಪರಿಮಳ ಆವಿಯೊಂದಿಗೆ ಹೋಗಿ ಒಗರು ಮಾತ್ರ ಉಳಿಯುತ್ತದೆ.

ನೀರು ಚೆನ್ನಾಗಿ ಕುದಿದ ಮೇಲೆ ಗ್ಯಾಸ್ ಆರಿಸಿ. 200 ಮಿಲಿ ಲೋಟಕ್ಕೆ 2 ಗ್ರಾಂ ಎಲೆ ಸಾಕು. ಎಲೆ ಹಗುರ, ಹಾಗಾಗಿ ಚಹಾ ಚಮಚ ತುಂಬಿ ತುಳುಕುವಷ್ಟು ಬೇಕಾದೀತು. ಮುಚ್ಚಿಡಿ. 3ರಿಂದ 4 ನಿಮಿಷ, ಅಷ್ಟೇ. ಆಮೇಲೆ ಪೂರ್ತಿ ಗಾಳಿಸಿಬಿಡಿ. ಎಲೆಯನ್ನು ಅದರಲ್ಲೇ ಬಿಟ್ಟರೆ ಎರಡನೇ ಲೋಟ ಕುಡಿಯುವ ಹೊತ್ತಿಗೆ ಮತ್ತೆ ಒಗರೇ. ಸ್ಟ್ರಾಂಗ್ ಬೇಕಿದ್ದರೆ ಎಲೆ ಜಾಸ್ತಿ ಹಾಕಿ, ಹೊತ್ತು ಜಾಸ್ತಿ ಮಾಡಬೇಡಿ. ಹಸಿರು ಚಾ ಆದರೆ ಕುದಿದ ನೀರನ್ನು 80 ಡಿಗ್ರಿಗೆ ಇಳಿಯಲು ಬಿಟ್ಟು ಹೊಯ್ಯಿರಿ, 2 ನಿಮಿಷ ಸಾಕು.

ಹಾಲು ಹಾಕಬಹುದಾ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ನನಗಂತೂ ಮನಸ್ಸು ಬರುವುದಿಲ್ಲ. ಗೋಳಿಬಜೆಯ ಜೊತೆಗೆ ಚಾಹುಡಿಯ ಹಾಲು ಚಾವೇ ಚೆಂದ. ಎಲೆ ಚಾ ಬೆಳಿಗ್ಗೆ ಒಬ್ಬರೇ ಕೂತು ಕುಡಿಯುವ ಕಣ್ಣ ಚಾಕ್ಕೆ, ಅಂದರೆ ಹಾಲಿಲ್ಲದ ಚಾಕ್ಕೆ, ಇರಲಿ.

ಅರ್ಧ ಕಿಲೋ ಅಂದಿರಲ್ಲ, ಅದು 250 ಲೋಟದ ಬಾಬ್ತು. ಜೂನ್ ಬಂದರೆ ನಮ್ಮಲ್ಲಿ ಉಪ್ಪೂ ನೀರಾಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ತುಂಬಿಸಿ, ವಾರಕ್ಕೆ ಬೇಕಾದಷ್ಟನ್ನೇ ಹೊರಗಿಡಿ. ಒಣಮೀನಿನ ಡಬ್ಬಿ ದೂರ ಇರಲಿ. ಚಾ ಎಲೆ ಎಂಥ ವಾಸನೆಯನ್ನೂ ಎಳೆದುಕೊಳ್ಳುತ್ತದೆ. ನಾನೊಮ್ಮೆ ಸಾರಿನ ಹುಡಿಯ ಹಳೇ ಡಬ್ಬಿಯನ್ನು ತೊಳೆದು ಅದರಲ್ಲಿ ಹಾಕಿಟ್ಟು, ತಿಂಗಳಿಡೀ ಇಂಗಿನ ಚಾ ಕುಡಿದಿದ್ದೇನೆ.

ಗಾಳಿಸಿದ ಎಲೆಗೆ ಇನ್ನೊಮ್ಮೆ ಬಿಸಿ ನೀರು ಹೊಯ್ದು ನೋಡಿ, ಒಂದು ನಿಮಿಷ ಜಾಸ್ತಿ ಬಿಟ್ಟರೆ ಎರಡನೇ ಲೋಟವೂ ಸಿಗುತ್ತದೆ. ಆಮೇಲೆ ನಿಮ್ಮ ಊರಲ್ಲಿ ಮಲ್ಲಿಗೆ ಗಿಡಕ್ಕೇನು ಬರವೇ, ಅದರ ಬುಡಕ್ಕೆ ಹಾಕಿ.

– ಸಂಪಾದಕ